ಕುಡತಿನಿಯ ಬೂದಿದಿಬ್ಬವೂ ಕ್ರೆಡಿಟ್ ಕಾರ್ಡಿನ ಮೂಲತತ್ವವೂ: ಮಹಾಪ್ರಬಂಧದ ಮೊದಲ ಕಂತು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕುಡತಿನಿಯ ಹತ್ತಿರ ಒಂದು ಬೂದಿದಿಬ್ಬ ಇದೆ. ಅದು ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂಬ ಸ್ಥಳೀಯರ ಮಾತನ್ನು 19ನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬರೆದಿಟ್ಟ. ಆಮೇಲೆ ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಇಂಥ ದಿಬ್ಬಗಳು ಸಗಣಿ ಸುಟ್ಟು ಆದವು ಎಂದ. ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದು ನೋಡಿದ ಪುರಾತತ್ವಜ್ಞ ಆಲ್ಚಿನ್ 1963ರ ತನ್ನ ಗ್ರಂಥದಲ್ಲಿ, ನವಶಿಲಾಯುಗದ ದನಗಾಹಿಗಳು ಹಟ್ಟಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟದ್ದರ ಫಲ ಇದು ಎಂದು ವಾದಿಸಿದ. ಮೂವರೂ ದೊಡ್ಡವರೇ. ಆದರೆ ಕಣ್ಣೆದುರಿಗಿದ್ದದ್ದು ಕ್ರೆಡಿಟ್ ರಿಪೋರ್ಟ್ ಎಂಬುದು ಮೂವರಿಗೂ ಹೊಳೆಯಲಿಲ್ಲ.

ಪ್ರಸ್ತುತ ಪ್ರಬಂಧಕಾರನ ಸಿದ್ಧಾಂತ ಸರಳ. ಆ ದನಗಳು ಈಗಿಲ್ಲ, ದನದವರೂ ಇಲ್ಲ. ಸುಟ್ಟದ್ದು ಮಾತ್ರ ಸಾವಿರಾರು ವರ್ಷ ಉಳಿದು ಸಾಕ್ಷಿ ಹೇಳುತ್ತಿದೆ. ಸಿಬಿಲ್ ಮಾಡುವುದೂ ಅದನ್ನೇ. 2000ದಲ್ಲಿ ಹುಟ್ಟಿದ ಈ ಸಂಸ್ಥೆ ಅರ್ಜಿದಾರನ ಹಗೇವಿನಲ್ಲಿ ಜೋಳ ಎಷ್ಟಿದೆ ಎಂದು ಇಣುಕುವುದಿಲ್ಲ. ಹಿಂದೆ ಎಷ್ಟು ಸಾಲ ತಂದ, ಕಂತು ಯಾವತ್ತು ಕಟ್ಟಿದ ಎಂಬ ಬೂದಿಯನ್ನು ಕೆದಕಿ 300ರಿಂದ 900ರ ಒಳಗೆ ಒಂದು ಅಂಕಿ ಕೊಡುತ್ತದೆ.

ಇನ್ನು ವ್ಯುತ್ಪತ್ತಿ. 'ಕುಡಿ' ಮತ್ತು 'ತಿನ್ನು' ಧಾತುಗಳು ಸೇರಿ ಕುಡಿತಿನಿ, ಅದು ಸವೆದು ಕುಡತಿನಿ. (ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ; ಅವರನ್ನು ಕೇಳಿಲ್ಲ.) 1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರಾ ಮತ್ತವನ ಸಂಗಡಿಗರು ಡೈನರ್ಸ್ ಕ್ಲಬ್ ಕಾರ್ಡ್ ತಂದದ್ದು ಯಾತಕ್ಕೆ? ಹೋಟೆಲಿನಲ್ಲಿ ಕುಡಿದು ತಿಂದು ದುಡ್ಡು ಆಮೇಲೆ ಕೊಡುವುದಕ್ಕೆ. ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ ತನ್ನ ಕಾರ್ಡ್ ಹೊರಡಿಸಿದ್ದು 1980ರಲ್ಲಿ. ಆ ಹೊತ್ತಿಗೆ ನಮ್ಮೂರು ಆ ಹೆಸರು ಹೊತ್ತು ಎಷ್ಟು ಶತಮಾನ ಕಳೆದಿತ್ತೋ.

ಈ ಪಾಂಡಿತ್ಯಕ್ಕೆ ಪ್ರಾಯೋಗಿಕ ಪೆಟ್ಟು ಬಿದ್ದದ್ದು ಒಬ್ಬ ವೆಲ್ಡರ್‌ನಿಂದ. ಕುಡತಿನಿಯಲ್ಲಿ ಹೊಸ ಬೂದಿಯೂ ಇದೆ: 1,700 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ. ಅಲ್ಲಿ ಗುತ್ತಿಗೆಯಲ್ಲಿ ದುಡಿಯುವ ಈತ ಬೈಕನ್ನೂ ರೊಕ್ಕ ಕೂಡಿಸಿಟ್ಟು ತಗೊಂಡವನು. ಕಾರ್ಡ್ ಬೇಕೆಂದು ಒಂದು ಬ್ಯಾಂಕಿಗೆ ಹೋದ.

"ಹಿಂದೆ ಎಲ್ಲಾದ್ರೂ ಸಾಲ ಮಾಡೀರೇನ್ರೀ?"

"ದೇವರಾಣೆ ಇಲ್ರೀ ಸಾರ್. ಒಂದು ರೂಪಾಯಿ ಇಲ್ಲ."

"ಅದೇ ನೋಡ್ರಿ ತೊಂದ್ರೆ. ಎನ್‌ಎಚ್ ಅಂತ ಬಂದೈತಿ."

ಕುಡತಿನಿಯಲ್ಲಿ ಎನ್‌ಎಚ್ ಎಂದರೆ ಹೆದ್ದಾರಿ. ರಸ್ತೆ ಅಗಲ ಮಾಡಲು ತನ್ನ ಮನೆ ಒಡೆಯುತ್ತಾರೇನೋ ಎಂದು ಆತ ಬೆವೆತುಹೋದ. ಸಿಬಿಲ್ ಭಾಷೆಯಲ್ಲಿ ಎನ್‌ಎಚ್ ಎಂದರೆ ಇತಿಹಾಸ ಇಲ್ಲದವನು. ಬೂದಿ ಇಲ್ಲ, ಆದ್ದರಿಂದ ದನವೂ ಇರಲಿಲ್ಲ! ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ಹೊಸಬರ ಸಾಲದ ಅರ್ಜಿ ತಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಆದರೆ ಬ್ಯಾಂಕಿನವರ ಬಳಿ ಕಾರಣಗಳಿಗೆ ಎಂದೂ ಬರ ಬಂದಿಲ್ಲ.

ಹಾಗಾದರೆ ಇತಿಹಾಸ ಸೃಷ್ಟಿಸುವುದು ಹೇಗೆ? ವೆಲ್ಡರ್ 20,000 ರೂಪಾಯಿ ಎಫ್‌ಡಿ ಇಟ್ಟ. ಅದರ ಮೇಲೆ ಬ್ಯಾಂಕು 16,000 ಮಿತಿಯ ಕಾರ್ಡ್ ಕೊಟ್ಟಿತು. ಎಂದರೆ ತನ್ನ ದುಡ್ಡನ್ನೇ ಅಡವಿಟ್ಟು, ತನ್ನಿಂದಲೇ ಕೈಗಡ ತಂದು, ಸಾಲಗಾರನೆಂಬ ಮರ್ಯಾದೆ ಗಳಿಸಿದ. ಪ್ರತಿ ತಿಂಗಳು ಬಂಕಿನಲ್ಲಿ ಪೆಟ್ರೋಲ್ ಹಾಕಿಸುವುದು, ಬಿಲ್ಲು ಬಂದ ಕೂಡಲೇ ಪೂರ್ತಿ ಕಟ್ಟುವುದು. ಆರೇಳು ತಿಂಗಳಲ್ಲಿ ಅವನಿಗೂ ಒಂದು ಅಂಕಿ ಹುಟ್ಟಿತು.

ಉಳಿದ ನಿಯಮಗಳಿಗೆ ಓಣಿಯ ಅನುಭವವೇ ಭಾಷ್ಯ. ಒಂದೇ ವಾರ ಐದು ಬ್ಯಾಂಕಿಗೆ ಅರ್ಜಿ ಹಾಕುವುದೆಂದರೆ ಒಂದೇ ಸಂಜೆ ಐದು ಮನೆಯಲ್ಲಿ ಕೈಗಡ ಕೇಳಿದಂತೆ; ರಾತ್ರಿಯೊಳಗೆ ಓಣಿಗೆಲ್ಲ ಗೊತ್ತು, ಅಂಕವೂ ಇಳಿಮುಖ. ಕಾರ್ಡಿನ ಮಿತಿಯಲ್ಲಿ ಶೇ. 30ರ ಒಳಗೆ ಖರ್ಚು ಮಾಡಿದರೆ ಒಳ್ಳೆಯದು ಎನ್ನುತ್ತಾರೆ. ಬಾಳೆಲೆ ತುಂಬ ಬಡಿಸಿ, ನಾಲ್ಕು ತುತ್ತಿಗೆ ಏಳುವವನೇ ಸಂಭಾವಿತ ಎಂಬ ಲೆಕ್ಕ. ಗೆಳೆಯನಿಗೆ ಜಾಮೀನು ನಿಂತಿದ್ದರೆ ಅವನ ಬಾಕಿ ಇವನ ರಿಪೋರ್ಟಿನಲ್ಲೂ ಹೊಗೆಯಾಡುತ್ತದೆ. ಊರಲ್ಲಿ ಹಿರಿಯರ ಮುಂದೆ ರಾಜಿ ಮಾಡಿಕೊಂಡರೆ ಗೌರವ. ಸಿಬಿಲ್‌ನಲ್ಲಿ ಸಾಲ ಅರ್ಧಕ್ಕೆ ರಾಜಿಯಾದರೆ 'ಸೆಟಲ್ಡ್' ಎಂಬ ಕಳಂಕ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಇಪ್ಪತ್ತು ವರ್ಷ ಚೊಕ್ಕವಾಗಿದ್ದವನ ಪುಣ್ಯ ಮಾತ್ರ ಸಾಲಮಾಹಿತಿ ಸಂಸ್ಥೆಗಳ 2005ರ ಕಾಯ್ದೆಯಡಿ ಎಲ್ಲೂ ದಾಖಲಾಗುವುದಿಲ್ಲ. ಸಿರುಗುಪ್ಪದ ಭತ್ತದ ರೈತನ ಕಿಸಾನ್ ಕಾರ್ಡ್ ಹಾಗಲ್ಲ, ಅದರ ಬಾಕಿ ದಾಖಲಾಗುತ್ತದೆ.

ಬಡ್ಡಿಯ ಅಧ್ಯಾಯ ಚಿಕ್ಕದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಕೇಳುವ ಸಾಹುಕಾರನನ್ನು ಊರು ರಕ್ತ ಹೀರುವವನು ಎನ್ನುತ್ತದೆ. ಬಾಕಿ ಉಳಿಸಿಕೊಂಡವನಿಗೆ ಮೂರೂವರೆ ರೂಪಾಯಿ ಹಾಕುವ ಕಾರ್ಡುಗಳು ಬೇಕಾದಷ್ಟಿವೆ. ಅದು ಇರುವೆ ಸಾಲಿನಂಥ ಅಕ್ಷರದಲ್ಲಿ ಇರುವುದರಿಂದ ಯಾರೂ ಬೈದಿಲ್ಲ.

ಕೊನೆಗೆ ಪ್ರಬಂಧಕಾರ ಸ್ವಂತ ಮೈಮೇಲೆ ಪ್ರಯೋಗ ಮಾಡಿಕೊಂಡ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ರಿಪೋರ್ಟ್ ತರಿಸಿ ನೋಡಿದ, ಅಂಕ ಚೆನ್ನಾಗಿತ್ತು. ಅರ್ಜಿ ಹಾಕಿದ. ಆಧಾರಿನಲ್ಲಿ 'ಕುಡಿತಿನಿ, ಬೆಳ್ಳಾರಿ', 2014ರಲ್ಲಿ ಜಿಲ್ಲೆಯ ಹೆಸರು ತಿದ್ದಿದ ಮೇಲೆ ಬಂದ ಕರೆಂಟ್ ಬಿಲ್ಲಿನಲ್ಲಿ 'ಕುಡತಿನಿ, ಬಳ್ಳಾರಿ', ಪಾಸ್‌ಬುಕ್ಕಿನಲ್ಲಿ 'ಕುಡುತಿನಿ'. ಅರ್ಜಿ ತಿರಸ್ಕೃತವಾಯಿತು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಅದರಂತೆ ಪತ್ರವೂ ಬಂತು: ವಿಳಾಸ ತಾಳೆಯಾಗುತ್ತಿಲ್ಲ. ಲಕೋಟೆಯ ಮೇಲೆ ಊರಿನ ಹೆಸರು 'ಕೂಡಿಥಾನಿ' ಎಂದಿತ್ತು. ಪೋಸ್ಟ್‌ಮನ್ ಯಾರನ್ನೂ ಕೇಳದೆ ಸೈಕಲ್ ಇಳಿದು ನೇರ ಕೈಗೇ ಕೊಟ್ಟು ಹೋದ.