ಮಸೂರರೇಣು ಮೀಮಾಂಸೆ

ಶಾಸ್ತ್ರವೊಂದನ್ನು ಆರಂಭಿಸುವವನು ಅದರ ವಿಷಯವೇನು, ಪ್ರಯೋಜನವೇನು, ಅದಕ್ಕೆ ಅಧಿಕಾರಿ ಯಾರು, ಇವುಗಳ ಸಂಬಂಧವೆಂತಹುದು ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ ನಾವೂ ಹಾಗೆಯೇ ಮಾಡುತ್ತೇವೆ. ಕ್ಯಾಮೆರಾದ ಲೆನ್ಸಿನೊಳಗೆ ಸೇರಿಕೊಂಡ ಧೂಳು, ನಾರು, ಬೂಷ್ಟು, ಒಮ್ಮೊಮ್ಮೆ ದಾರಿತಪ್ಪಿ ಬಂದು ಅಲ್ಲಿಯೇ ದೇಹವಿಟ್ಟ ಸಣ್ಣ ಹುಳು, ಇವು ವಿಷಯ. ಅವುಗಳ ದೆಸೆಯಿಂದ ಆ ಲೆನ್ಸನ್ನು ಇಟ್ಟುಕೊಳ್ಳತಕ್ಕದ್ದೋ, ಬಿಚ್ಚಿ ಶುಚಿಮಾಡಿಸತಕ್ಕದ್ದೋ, ತ್ಯಜಿಸಿ ಬೇರೊಂದನ್ನು ಕೊಳ್ಳತಕ್ಕದ್ದೋ ಎಂಬ ನಿರ್ಣಯವೇ ಪ್ರಯೋಜನ. ರಾತ್ರಿ ಊಟವಾದ ಮೇಲೆ ದೀಪವಾರಿಸಿ, ಮೊಬೈಲಿನ ಟಾರ್ಚನ್ನು ಲೆನ್ಸಿನ ಒಂದು ಕೊನೆಗೆ ಹಿಡಿದು, ಇನ್ನೊಂದು ಕೊನೆಯಿಂದ ಇಣಿಕಿ, ಕಂಡದ್ದನ್ನು ಕಂಡು ನಿದ್ದೆಗೆಟ್ಟವನು ಅಧಿಕಾರಿ. ಕೇವಲ ಫೋಟೋ ತೆಗೆಯುವುದರಲ್ಲಿ ಆಸಕ್ತನಾದವನಿಗೆ ಇಲ್ಲಿ ಪ್ರವೇಶವಿಲ್ಲ. ಅವನು ಹೋಗಿ ಫೋಟೋ ತೆಗೆಯಲಿ. ಸಂಬಂಧವೆಂಬುದು ಅಧಿಕಾರಿಯ ಸಂಬಳಕ್ಕೂ ಹೊಸ ಲೆನ್ಸಿನ ಬೆಲೆಗೂ ನಡುವೆ ಇರಬೇಕಾದುದು. ಅದು ಬಹುಮಟ್ಟಿಗೆ ಇರುವುದಿಲ್ಲ.

ಮೊದಲು ಪದಾರ್ಥವಿಚಾರ. ಗವಾಕ್ಷದಿಂದ ಒಳಬಂದ ಬಿಸಿಲುಕೋಲಿನಲ್ಲಿ ತೇಲಾಡುವ ಕಣವನ್ನು ನಮ್ಮ ನ್ಯಾಯವೈಶೇಷಿಕರು ತ್ರಸರೇಣುವೆಂದು ಹೆಸರಿಸಿ, ಎರಡೆರಡು ಪರಮಾಣುಗಳ ದ್ವ್ಯಣುಕಗಳು ಮೂರು ಕೂಡಿ ಅದು ಸಿದ್ಧಿಸುವುದೆಂದೂ, ಕಣ್ಣಿಗೆ ಗೋಚರಿಸುವ ದ್ರವ್ಯಗಳಲ್ಲಿ ಅದಕ್ಕಿಂತ ಸಣ್ಣದಿಲ್ಲವೆಂದೂ ಸಾರಿದರು. ಮನುಸ್ಮೃತಿಯಾದರೋ ಚಿನ್ನಬೆಳ್ಳಿಗಳ ತೂಕದ ಲೆಕ್ಕವನ್ನು ಈ ರೇಣುವಿನಿಂದಲೇ ಮೊದಲುಮಾಡುತ್ತದೆ. ಇಷ್ಟು ಪ್ರಾಚೀನವೂ ಪ್ರತಿಷ್ಠಿತವೂ ಆದ ವಸ್ತುವು ಲೆನ್ಸಿನೊಳಗೆ ಕುಳಿತೊಡನೆಯೇ ಅಪರಾಧಿಯಾಗಿಬಿಡುವುದು ವಿಷಾದಕರ. ಇಲ್ಲಿ ಲಕ್ಷಿಸತಕ್ಕ ಸೂಕ್ಷ್ಮವೊಂದುಂಟು. ಕೋಣೆಯ ತುಂಬ ಇರುವ ರೇಣುಗಳು ಬಿಸಿಲುಕೋಲಿನಲ್ಲಿ ಮಾತ್ರವೇ ಕಾಣುವುದೇಕೆಂದರೆ, ಒಂದೇ ದಿಕ್ಕಿನಿಂದ ತೀಕ್ಷ್ಣವಾಗಿ ಬಂದ ಬೆಳಕನ್ನು ಅವು ಓರೆಯಾಗಿ ಚೆದರಿಸುತ್ತವೆ, ಹಿಂದಿನ ಕತ್ತಲು ಅದನ್ನು ಎತ್ತಿತೋರಿಸುತ್ತದೆ. ಟಾರ್ಚು ಮಾಡುವುದೂ ಇದನ್ನೇ. ಆದುದರಿಂದ ಮಸೂರಗತವಾದ ಧೂಳನ್ನು ಸೃಷ್ಟಿಸಿದವನು ಯಾರೇ ಆಗಿರಲಿ, ಪ್ರಕಟಗೊಳಿಸಿದವನು ಟಾರ್ಚು ಹಿಡಿದವನೇ ಎಂದು ಸಿದ್ಧವಾಯಿತು.

ಸೃಷ್ಟಿಯ ವಿಚಾರದಲ್ಲಿ ಹೆಚ್ಚಿನ ವಾದವಿಲ್ಲ. ಝೂಮ್ ಲೆನ್ಸು ಉದ್ದವಾದಾಗ ಗಾಳಿಯನ್ನು ಒಳಕ್ಕೆಳೆದುಕೊಂಡು, ಗಿಡ್ಡವಾದಾಗ ಹೊರಕ್ಕೆ ಬಿಡುತ್ತದೆ. ಸಂಡೂರಿನ ಅದಿರುಲಾರಿಗಳ ಹಿಂದೆ ಉಸಿರಾಡಿದರೆ ಕೆಂಧೂಳನ್ನು ಉಸಿರಾಡುತ್ತದೆ. ರಬ್ಬರಿನ ಸೀಲುಗಳು ಇದನ್ನು ತಡಮಾಡಬಲ್ಲುವು, ತಪ್ಪಿಸಲಾರವು. ಕಾರ್ಖಾನೆಯಿಂದ ಆಗತಾನೆ ಬಂದ ಲೆನ್ಸಿನಲ್ಲಿಯೂ ಒಂದೆರಡು ರೇಣುಗಳು ದೊರೆಯುವುದು ಅಪೂರ್ವವಲ್ಲವಾಗಿ, ಈ ಸಂಸರ್ಗವನ್ನು ಕೆಲವರು ಅನಾದಿಯೆಂದೇ ಎಣಿಸುತ್ತಾರೆ.

ಈಗ ಪೂರ್ವಪಕ್ಷ. ಬೆಳಕು ಲೆನ್ಸಿನ ಮೂಲಕ ಹಾಯುತ್ತದೆ, ಲೆನ್ಸಿನಲ್ಲಿ ಧೂಳಿದೆ, ಆದುದರಿಂದ ಚಿತ್ರದಲ್ಲಿಯೂ ಧೂಳು ಇರಲೇಬೇಕು ಎಂಬುದು ಟಾರ್ಚುಧಾರಿಗಳ ವಾದ. ಹೊಗೆಯಿಂದ ಬೆಂಕಿಯನ್ನು ಊಹಿಸುವ ಸುಪ್ರಸಿದ್ಧ ಅನುಮಾನದಷ್ಟೇ ಗಟ್ಟಿಯಾಗಿ ತೋರುವ ಇದು ಶುದ್ಧ ಹೇತ್ವಾಭಾಸ. ಚಿತ್ರದ ಒಂದೊಂದು ಬಿಂದುವೂ ಲೆನ್ಸಿನ ಒಂದೊಂದು ಬಿಂದುವಿನಿಂದ ಹುಟ್ಟುವುದಾಗಿದ್ದರೆ ಪೂರ್ವಪಕ್ಷಿ ಗೆಲ್ಲುತ್ತಿದ್ದನು. ಆದರೆ ದೃಶ್ಯದ ಒಂದು ಬಿಂದುವಿನಿಂದ ಹೊರಟ ಕಿರಣಗಳು ಲೆನ್ಸಿನ ತೆರಪನ್ನೆಲ್ಲ ತುಂಬಿ ಹಾದು, ಆಚೆಗೆ ಮತ್ತೆ ಒಂದು ಬಿಂದುವಿನಲ್ಲಿ ಕೂಡುವುದರಿಂದ, ನಡುವೆ ಕುಳಿತ ಕಣವು ಯಾವ ಒಂದು ಬಿಂದುವನ್ನೂ ಮರೆಮಾಡಲಾರದೆ, ಸುಂಕದಕಟ್ಟೆಯವನಂತೆ ಎಲ್ಲರಿಂದಲೂ ಲೇಶಲೇಶವನ್ನು ವಸೂಲು ಮಾಡಿ ಸುಮ್ಮನಾಗುತ್ತದೆ. ಆ ಸುಂಕವೆಷ್ಟು? 50 ಮಿಲಿಮೀಟರಿನ ಲೆನ್ಸನ್ನು ಎಫ್ 2ಕ್ಕೆ ತೆರೆದಾಗ ತೆರಪಿನ ವ್ಯಾಸ 25 ಮಿಲಿಮೀಟರು. ಅದರ ಬಳಿ ಕುಳಿತ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲವಾದ, ಎಂದರೆ ಧೂಳಿನ ಕುಲದಲ್ಲಿ ಸಾಕಷ್ಟು ಸ್ಥಿತಿವಂತವೇ ಆದ ಕಣವು ತಡೆಯುವುದು 62,500ರಲ್ಲಿ ಒಂದು ಪಾಲು ಬೆಳಕನ್ನು. ತೆರಪನ್ನು ಎಫ್ 16ಕ್ಕೆ ಕಿರಿದುಮಾಡಿದರೆ ಅದು 3 ಮಿಲಿಮೀಟರಿನ ಆಸುಪಾಸಿಗೆ ಇಳಿದು, ಅದೇ ಕಣದ ಪಾಲು ಸುಮಾರು 1,000ದಲ್ಲಿ ಒಂದಕ್ಕೆ ಏರುತ್ತದೆ. ಪೂರ್ವಪಕ್ಷಿಗೆ ನ್ಯಾಯವಾಗಿ ಸಲ್ಲತಕ್ಕದ್ದನ್ನೂ ಸಲ್ಲಿಸಿಬಿಡೋಣ: ಹಿಂಬದಿಯ ಗಾಜಿನ ಮೇಲೆ ಕುಳಿತದ್ದು, ಅಲ್ಲಿ ಕಿರಣಗಳ ಕಟ್ಟು ಕಿರಿದಾಗಿರುವುದರಿಂದ, ಸಣ್ಣ ತೆರಪಿನಲ್ಲಿ ಮಸುಕಾದ ನೆರಳನ್ನು ಬೀರಬಹುದು, ಧೂಳು ದಟ್ಟವಾಗಿದ್ದು ಸೂರ್ಯನೇ ಚೌಕಟ್ಟಿನೊಳಗೆ ಬಂದರೆ ಚಿತ್ರವೆಲ್ಲ ಮಬ್ಬಾಗಿ, ಕಪ್ಪಾಗಿರಬೇಕಾದುದು ಬೂದುಬಣ್ಣಕ್ಕೆ ತಿರುಗಬಹುದು. ಉಳಿದಂತೆ ಅವನು ಸೋತನು.

ಹಾಗಾದರೆ ಆಕಾಶದಲ್ಲಿ ಕಂಡ ಕರಿಯ ಚುಕ್ಕೆಯ ಗತಿಯೇನೆಂದು ಕೇಳುವವರಿಗೆ ಅನ್ವಯವ್ಯತಿರೇಕವೇ ಉತ್ತರ. ಎಫ್ 16ರಲ್ಲಿ ಬಿಳಿಯ ಗೋಡೆಯ ಫೋಟೋ ತೆಗೆದು, ಲೆನ್ಸನ್ನು ಬದಲಿಸಿ ಮತ್ತೆ ತೆಗೆಯತಕ್ಕದ್ದು. ಲೆನ್ಸು ಹೋಗಿಯೂ ಚುಕ್ಕೆ ಅಲ್ಲಿಯೇ ಉಳಿದರೆ ಅದು ಸೆನ್ಸರಿನ ಮೇಲಿನ ಧೂಳು. ಬ್ಲೋಯರಿನಿಂದ ಊದಿದರೆ ಸಾಮಾನ್ಯವಾಗಿ ತೊಲಗುತ್ತದೆ. ಇಷ್ಟು ಅಗ್ಗದಲ್ಲಿ ತೀರಿದುದಕ್ಕೆ ಅಧಿಕಾರಿಯ ಮುಖ ಬಾಡುವುದು ಶಾಸ್ತ್ರದಲ್ಲಿ ಪ್ರಸಿದ್ಧ.

ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷ ವಿವೇಚನೆಗೆ ಮೀಸಲಿಟ್ಟುದನ್ನು ಕನ್ನಡಿಗರಾದವರು ಮರೆಯಲಾಗದು. ದೋಷವೆಂದು ಕಂಡದ್ದು ಗುಣವಾಗುವುದಕ್ಕೆ ಲೆನ್ಸಿನ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಇಂಗ್ಲೆಂಡಿನ ಯಾರ್ಕಿನಲ್ಲಿದ್ದ ಹೆರಾಲ್ಡ್ ಡೆನಿಸ್ ಟೇಲರ್, 1893ರಲ್ಲಿ ಮೂರೇ ಗಾಜುಗಳ ಕುಕ್ ಟ್ರಿಪ್ಲೆಟ್ಟನ್ನು ರಚಿಸಿದ ಮಹಾಶಯನೇ, ಕಾಲಕ್ರಮದಲ್ಲಿ ಕಂದಿ ಕಲೆಗಟ್ಟಿದ ಹಳೆಯ ಮಸೂರಗಳು ಹೊಸವುಗಳಿಗಿಂತ ಹೆಚ್ಚು ಬೆಳಕನ್ನು ಹಾಯಗೊಡುವುದನ್ನು ಕಂಡುಕೊಂಡು, 1904ರಲ್ಲಿ ಗಾಜನ್ನು ಬುದ್ಧಿಪೂರ್ವಕವಾಗಿಯೇ ಕಂದಿಸುವ ರಾಸಾಯನಿಕ ವಿಧಾನಕ್ಕೆ ಪೇಟೆಂಟು ಪಡೆದನು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಕಲೆಯ ತೆಳುಪದರವು ಅದನ್ನು ತಗ್ಗಿಸುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಆ ಕಾರ್ಯವನ್ನು ನಿರ್ವಾತದಲ್ಲಿ ಲೇಪಕೊಟ್ಟು ಸಾಧಿಸಿದನು. ಇಂದು ನಾವು ಟಾರ್ಚು ಬಿಟ್ಟಾಗ ನೇರಿಳೆಹಸಿರಾಗಿ ಹೊಳೆಯುವುದು ಆ ವಂಶದ ಲೇಪವೇ. ಒಂದು ರೇಣುವಿಗಾಗಿ ಕಣ್ಣೀರಿಡುವವನ ಲೆನ್ಸು ಕೀರ್ತಿಗೆ ಬಂದುದೇ ಒಂದು ಕಲೆಯ ದೆಸೆಯಿಂದ.

ಬೂಷ್ಟಿನ ವಿಚಾರ ಮಾತ್ರ ಬೇರೆ. ಇಲ್ಲಿ ನಗುವುದಕ್ಕೆ ಆಸ್ಪದ ಕಡಿಮೆ. ಧೂಳು ಜಡ, ಬೂಷ್ಟು ಜೀವ. ಪಂಚಭೇದಗಳಲ್ಲಿ ಜೀವಜಡಭೇದವನ್ನೂ ಎಣಿಸಿದ ಆಚಾರ್ಯರ ಊರು ಉಡುಪಿಯಾದುದು ಅಲ್ಲಿನ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಆಶ್ಚರ್ಯವಾಗಿ ತೋರದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಕಾಣುವ ಆಗುಂಬೆಯಲ್ಲಂತೂ ಚಪ್ಪಲಿ, ಪುಸ್ತಕ, ಲೆನ್ಸುಗಳೆಂಬ ಭೇದವಿಲ್ಲದೆ ಸಮದರ್ಶಿಯಾಗಿ ಬೂಷ್ಟು ಹಿಡಿಯುತ್ತದೆ. ಬೀಜಕಣಗಳು ಗಾಳಿಯಲ್ಲೆಲ್ಲ ಇದ್ದೇ ಇವೆ. ತೇವ, ಕತ್ತಲು, ನಿಂತ ಗಾಳಿ, ಬೆರಳಿನ ಜಿಡ್ಡು ಕೂಡಿಬಂದರೆ ಎಳೆಎಳೆಯಾಗಿ ಜಾಲ ಹರಡಿ, ತಾನು ಸ್ರವಿಸುವ ಆಮ್ಲದಿಂದ ಲೇಪವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಭಕ್ತಿಯಿಂದ ಚರ್ಮದ ಚೀಲದೊಳಗೆ ಮುಚ್ಚಿಟ್ಟವನ ಲೆನ್ಸೇ ಮೊದಲು ಕೆಡುವುದು. ಸಿಲಿಕಾ ಜೆಲ್ಲಿನೊಡನೆ ಬಿಗಿಯಾದ ಡಬ್ಬಿಯಲ್ಲಿಡುವುದು, ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಡುವುದು, ಅನುಕೂಲವಿದ್ದರೆ ತೇವಾಂಶವನ್ನು ಶೇಕಡಾ 40-50ರಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ಟು, ಎಲ್ಲಕ್ಕಿಂತ ಮಿಗಿಲಾಗಿ ಆಗಾಗ ಹೊರತೆಗೆದು ಬಳಸುವುದು, ಇವು ಪಥ್ಯ. ಅಕ್ಕಿಡಬ್ಬದಲ್ಲಿ ಹೂಳುವವರು ಬೂಷ್ಟಿಗೆ ಅಂಜಿ ಅಕ್ಕಿಹಿಟ್ಟಿನ ರೇಣುವನ್ನು ಆಹ್ವಾನಿಸುತ್ತಾರೆ.

ಚಿಕಿತ್ಸೆಯಲ್ಲಿ ಆಯುರ್ವೇದದ ವಿಂಗಡಣೆಯೇ ನಮಗೂ ಪ್ರಮಾಣ. ಮುಂಗಾಜಿನ ಹೊರಮೈಯ ಕೊಳೆ ಸುಖಸಾಧ್ಯ. ಒಳಗೆ ಈಗತಾನೆ ಮೊಳೆತ ಬೂಷ್ಟು ಕೃಚ್ಛ್ರಸಾಧ್ಯ. ಬೇಗನೆ ಬಿಚ್ಚಿಸಿ ಒರೆಸಿದರೆ ಗುರುತೂ ಉಳಿಯದೆ ಹೋಗಬಹುದು. ಒಳಧೂಳು ಯಾಪ್ಯ, ಎಂದರೆ ಜೊತೆಯಲ್ಲಿಟ್ಟುಕೊಂಡೇ ಬಾಳತಕ್ಕದ್ದು. ಗಾಜನ್ನು ಕೊರೆದ ಬೂಷ್ಟೂ, ಅಂಟಿಸಿದ ಎರಡು ಗಾಜುಗಳ ನಡುವೆ ಹೊಕ್ಕದ್ದೂ ಅಸಾಧ್ಯ. ವೈದ್ಯ, ಔಷಧ, ಪರಿಚಾರಕ, ರೋಗಿಯೆಂಬ ಚತುಷ್ಪಾದಗಳಲ್ಲಿ ಇಲ್ಲಿ ವೈದ್ಯನೇ ದುರ್ಲಭ. ರಿಪೇರಿಯಂಗಡಿಯ ಒಳ್ಳೆಯ ವೈದ್ಯನು ಲೆನ್ಸನ್ನು ಬೆಳಕಿಗೆ ಹಿಡಿದು, "ಹಾಗೇ ಬಿಡಿ ಸಾರ್, ಇದೆಲ್ಲ ಫೋಟೋದಲ್ಲಿ ಬರೋದಿಲ್ಲ. ಬಿಚ್ಚಿದ್ರೆ ಇನ್ನೊಂದೆರಡು ಹೋಗಿ ಕೂರುತ್ತೆ," ಎಂದು ಕಾಸು ಮುಟ್ಟದೆ ಹಿಂದಿರುಗಿಸುತ್ತಾನೆ. ಅವನು ಹೇಳುವುದು ನಿಜ; ಬಿಚ್ಚಿದ ಗಾಜು ಕೂದಲೆಳೆಯಷ್ಟು ಓರೆಯಾಗಿ ಕುಳಿತರೂ ಚಿತ್ರದ ಒಂದು ಪಕ್ಕ ಮೊಂಡಾಗುತ್ತದೆ. ಆದರೆ ರೋಗವಿಲ್ಲವೆಂದ ವೈದ್ಯನನ್ನು ಮೆಚ್ಚಿದ ರೋಗಿಯನ್ನು ನಾವು ಕಂಡಿಲ್ಲ; ಅಧಿಕಾರಿಯು ಬೇರೊಂದು ಅಂಗಡಿಯನ್ನು ಅರಸಿ ಹೊರಡುತ್ತಾನೆ.

ಇದರಿಂದ ನಮ್ಮ ಸಿದ್ಧಾಂತವು ತಾನಾಗಿಯೇ ಹೊರಪಡುತ್ತದೆ. ಅಸಾಧ್ಯ ವರ್ಗವನ್ನು ಬಿಟ್ಟರೆ, ಹಾಗೂ ಶುಚಿಮಾಡಿಸುವ ಕೂಲಿಯೇ ಲೆನ್ಸಿನ ಬೆಲೆಯ ಸಮೀಪಕ್ಕೆ ಬರುವ ಅಗ್ಗದ ಲೆನ್ಸುಗಳನ್ನು ಬಿಟ್ಟರೆ, ಧೂಳಿನಿಂದ ಹೊಸ ಲೆನ್ಸಿನ ಇಚ್ಛೆ ಹುಟ್ಟುವುದಿಲ್ಲ. ಹೊಸ ಲೆನ್ಸಿನ ಇಚ್ಛೆಯಿಂದಲೇ ಧೂಳು ಹುಟ್ಟುತ್ತದೆ. ವರ್ಷಗಟ್ಟಲೆ ಒಳಗೆ ತಣ್ಣಗೆ ಕುಳಿತಿದ್ದ ರೇಣುವು ಹೊಸ ಮಾದರಿಯ ಜಾಹೀರಾತು ಹೊರಬಿದ್ದ ವಾರದಲ್ಲಿಯೇ ಗೋಚರವಾಗುವುದಕ್ಕೆ ಬೇರಾವ ಉಪಪತ್ತಿಯೂ ಇಲ್ಲ.

ಇನ್ನು ತ್ಯಕ್ತವಾದ ಲೆನ್ಸಿನ ವಿನಿಯೋಗ. ಅದನ್ನು ಸೆಕೆಂಡ್ ಹ್ಯಾಂಡಾಗಿ ಮಾರಹೊರಟ ಗಳಿಗೆಯಲ್ಲಿ ಅಧಿಕಾರಿಯು ಪಕ್ಷಾಂತರ ಮಾಡಿ, ತೆರಪಿನ ವ್ಯಾಸದಿಂದ ಹಿಡಿದು ಟೇಲರ್ ಮಹಾಶಯನವರೆಗೆ ನಾವು ಮೇಲೆ ಹೇಳಿದುದೆಲ್ಲವನ್ನೂ ಅಸ್ಖಲಿತವಾಗಿ ನಿರೂಪಿಸುತ್ತಾನೆ. ನಿನ್ನೆಯ ಮಹಾದೋಷವು ಇಂದು ಪ್ರತಿಯೊಂದು ಲೆನ್ಸಿಗೂ ಸಹಜವಾದ ಅದೋಷ. ಕೊಳ್ಳುವವನು ಶ್ರದ್ಧೆಯಿಂದ ಆಲಿಸಿ, ಪ್ರತಿಯೊಂದು ವಾಕ್ಯವನ್ನೂ ಒಪ್ಪಿ, ಚಿತ್ರದಲ್ಲಿ ಏನೂ ಬರುವುದಿಲ್ಲವೆಂದು ತಾನೇ ಹೇಳಿ, 62,500ರಲ್ಲಿ ಒಂದು ಪಾಲು ಬೆಳಕು ಕಡಿಮೆಯಾದುದಕ್ಕಾಗಿ ಬೆಲೆಯಲ್ಲಿ ಐದನೆಯ ಒಂದು ಪಾಲನ್ನು ಕಡಿಮೆಮಾಡಬೇಕೆಂದು ಕೇಳುತ್ತಾನೆ. ಈ ಗಣಿತವು ಲೀಲಾವತಿಯ ತ್ರೈರಾಶಿಕದಿಂದ ಸಾಧಿಸುವಂತಹುದಲ್ಲ. ಆದರೂ ವ್ಯವಹಾರವು ಸಾಮಾನ್ಯವಾಗಿ ಅಲ್ಲಿಗೇ ಕುದುರುತ್ತದೆ.