ಎರಡೂ ಫ್ರೀನೇ, ಮೇಷ್ಟ್ರೇ!

ತಮಿಳುನಾಡಿನ ಗಡಿಯೂರು ನಮ್ಮ ಹೊಸೂರಿನಲ್ಲಿ ಬೇಲಿಮಾತು ಮೂರು ಭಾಷೆಯಲ್ಲಿ ನಡೆಯುತ್ತದೆ. ರೇಟು ಕೇಳುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಕೈಸಾಲ ಕೇಳುವುದು ಕನ್ನಡದಲ್ಲಿ. ಪಕ್ಕದ ಮನೆ ಅಕ್ಕ ಬಾಗಲೂರು ರಸ್ತೆಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಕಂಪ್ಯೂಟರಿನ ವಿಷಯ ಬಂದರೆ ಅವರಿಗೆ ಮೂರೂ ಭಾಷೆ ಒಟ್ಟಿಗೇ ಬೇಕು.

"ಮೇಷ್ಟ್ರೇ, ವಿಂಡೋಸ್ ಹತ್ತು ಮುಗಿದೋಯ್ತಂತೆ. ಹನ್ನೊಂದು ಹಾಕೋ ಅಂದ್ರೆ ನಿಮ್ ಸಿಸ್ಟಮ್ಮಿಗೆ ಆಗಲ್ಲಕ್ಕಾ, ಹೊಸದು ತಗೊಳ್ಳಿ ಅಂತಾನೆ ಸರ್ವೀಸ್ ಹುಡುಗ. ಚೆನ್ನಾಗಿ ಓಡ್ತಿರೋದನ್ನ ಯಾಕಪ್ಪಾ ಬಿಸಾಕ್ಲಿ?"

ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ನನಗೆ ಇಷ್ಟೇ ಸಂದು ಸಾಕಿತ್ತು. "ವಿಂಡೋಸ್ ಬದಲು ಲಿನಕ್ಸ್ ಹಾಕ್ಸಿಬಿಡಿ ಅಕ್ಕ. ದುಡ್ಡೂ ಇಲ್ಲ, ವೈರಸ್ ಕಾಟವೂ ಕಮ್ಮಿ" ಅಂದೆ.

"ಅದಾ! ನಮ್ ಹುಡುಗನಿಗೆ ಇಸ್ಕೂಲಲ್ಲಿ ಕೊಟ್ಟಿದ್ರಲ್ಲ, ಅಮ್ಮನ ಫೋಟೋ ಲ್ಯಾಪ್‌ಟಾಪು, ಅದರೊಳಗಿತ್ತು. ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ಅದೊಂದು, ವಿಂಡೋಸ್ ಒಂದು. ತಪ್ಪಿ ಅದಕ್ಕೆ ಹೋದ್ರೆ, ಅಯ್ಯೋ ಅಂತ ಆಫ್ ಮಾಡಿ ಮತ್ತೆ ಆನ್ ಮಾಡ್ತಿದ್ದ."

ನಿಜವಾಗಿ ಇದಕ್ಕಿಂತ ದೊಡ್ಡ ಅವಕಾಶ ಲಿನಕ್ಸಿಗೆ ಇನ್ನೆಲ್ಲಿ ಸಿಕ್ಕೀತು? 2011ರ ಸೆಪ್ಟೆಂಬರ್ 15, ಅಣ್ಣಾದುರೈ ಹುಟ್ಟಿದ ದಿನ, 'ಅಮ್ಮ' ಜಯಲಲಿತಾ ಸರಕಾರ ಉಚಿತ ಲ್ಯಾಪ್‌ಟಾಪ್ ಹಂಚಲು ಶುರು ಮಾಡಿತು. ವಿಂಡೋಸಿನ ಜೊತೆಗೆ ಕೇಂದ್ರ ಸರಕಾರದ ಸಿ-ಡ್ಯಾಕ್‌ನವರು ಚೆನ್ನೈಯಲ್ಲಿ ಕಟ್ಟಿದ ಬಾಸ್ ಲಿನಕ್ಸ್ ಕೂಡ ಒಳಗಿತ್ತು. ಕನ್ನಡವೂ ಬರುತ್ತಿತ್ತು ಅದರಲ್ಲಿ. ತಳಿ, ಡೆಂಕಣಿಕೋಟೆ ಕಡೆಯ ಕೂಲಿಯವರ ಮನೆಗೂ ಓಪನ್ ಸೋರ್ಸ್ ಬಂದು ಕೂತಿತ್ತು, ಅದೂ ಪುಕ್ಕಟೆ. ಮಕ್ಕಳು ಅದರ ಮುಖ ನೋಡಲಿಲ್ಲ. ಸಿನಿಮಾ, ಹಾಡು, ಗೇಮು ಎಲ್ಲಾ ವಿಂಡೋಸಿನಲ್ಲೇ ನಡೆಯಿತು.

ಸರಕಾರವೂ ಸುಮ್ಮನೆ ಕೂತಿರಲಿಲ್ಲ. 2007ರ ಸುಮಾರಿಗೇ ರಾಜ್ಯ ಸರಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಎಲ್ಕಾಟ್‌ನ ಮುಖ್ಯಸ್ಥರಾಗಿದ್ದ ಸಿ. ಉಮಾಶಂಕರ್ ತಮ್ಮ ಸಂಸ್ಥೆಯ ಕಂಪ್ಯೂಟರುಗಳನ್ನು ಸೂಸೆ ಲಿನಕ್ಸಿಗೆ ತಿರುಗಿಸಿದ್ದರು. 2014ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಕೊನೆಗಾಲ ಬಂದಾಗ ಇಲಾಖೆಗಳಿಗೆಲ್ಲ ಬಾಸ್ ಹಾಕಿಕೊಳ್ಳಿ ಎಂದು ಸೂಚನೆ ಹೋಯಿತು. ಸುತ್ತೋಲೆ ಹೊರಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

"ಹಂಗಾದ್ರೆ ಯಾರೂ ಬಳಸಲ್ಲ ಅನ್ನಿ."

ಬಳಸುತ್ತಾರೆ. ಕಾಸರಗೋಡಿಗೆ ಹೋಗಿ ನೋಡಬೇಕು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ನಮ್ಮ ಹಾಗೇ ಗಡಿಯವರು, ಬೇರೆ ರಾಜ್ಯದ ಕೈಕೆಳಗಿನ ಕನ್ನಡದವರು. ಅವರು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳದ ಐಟಿ@ಸ್ಕೂಲ್ ಯೋಜನೆ, ಈಗಿನ ಹೆಸರು ಕೈಟ್, ಉಬುಂಟುವನ್ನು ತನಗೆ ಬೇಕಾದಂತೆ ತಿದ್ದಿ ಶಾಲೆಗಳಿಗೆ ಕೊಟ್ಟಿದೆ. ಪಾಠಪುಸ್ತಕ ಕನ್ನಡದಲ್ಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಸ್ಸೆಸ್ಸೆಲ್ಸಿಯ ಐಟಿ ಪ್ರಾಕ್ಟಿಕಲ್ ಪರೀಕ್ಷೆ ಅದರಲ್ಲೇ ನಡೆಯುತ್ತದೆ. ಇದರಿಂದ 3000 ಕೋಟಿ ರೂಪಾಯಿ ಉಳಿಯಿತೆಂದು ಕೈಟ್ 2019ರಲ್ಲಿ ಹೇಳಿಕೊಂಡಿತು. ಆ ಲೆಕ್ಕ ಅವರಿಗೇ ಇರಲಿ. ನನಗೆ ಮುಖ್ಯವಾಗಿ ಕಾಣುವುದು ಮಾರ್ಕು. ಮಾರ್ಕು ಬರುತ್ತದೆ ಅಂದರೆ ನಮ್ಮ ಮಕ್ಕಳು ಗ್ರೀಕ್ ಭಾಷೆಯನ್ನೂ ಕಲಿತಾರು. ನಮ್ಮಲ್ಲಿ ಲ್ಯಾಪ್‌ಟಾಪ್ ಕೊಟ್ಟರು, ಬಾಸ್ ಕೊಟ್ಟರು, ಅದರ ಮೇಲೆ ಒಂದು ಪ್ರಶ್ನೆ ಕೊಡಲಿಲ್ಲ.

ಅಕ್ಕ ನಕ್ಕರು. "ಸರಿ, ನನಗೀಗ ಯಾರು ಮಾರ್ಕು ಕೊಡ್ತಾರೆ? ದುಡ್ಡಿಲ್ಲ ಅಂತೀರಿ. ವಿಂಡೋಸಿಗೆ ಈ ಬೀದೀಲಿ ಯಾರು ದುಡ್ಡು ಕೊಟ್ಟಿದ್ದಾರೆ ಹೇಳಿ? ಹುಡುಗ ಪೆನ್‌ಡ್ರೈವ್ ತರ್ತಾನೆ, ಹಾಕ್ತಾನೆ, ಅವನ ಕೂಲಿ ಈಸ್ಕೊಂಡು ಹೋಗ್ತಾನೆ. ನನ್ ಪಾಲಿಗೆ ಎರಡೂ ಫ್ರೀನೇ, ಮೇಷ್ಟ್ರೇ!"

ಬೆಂಗಳೂರಿನ ಸಭೆಗಳಲ್ಲಿ ಲಿನಕ್ಸ್ ಪರ ಭಾಷಣ ಮಾಡುವವರು ಈ ಬೇಲಿಯ ಹತ್ತಿರ ಒಮ್ಮೆ ನಿಲ್ಲಬೇಕು. ಕಳ್ಳ ಕಾಪಿಯೇ ಪುಕ್ಕಟೆ ಸಿಗುವ ಊರಿನಲ್ಲಿ "ಇದಕ್ಕೆ ಕಾಸಿಲ್ಲ" ಅನ್ನುವುದು ಮಾತೇ ಅಲ್ಲ. ಹುಡುಗನಿಗೆ ಬರುವುದು ವಿಂಡೋಸ್. ಕೆಟ್ಟಾಗ ಓಡಿ ಬರುವವನು ಅವನೇ. ಅವನು ಕಲಿಯದ ಹೊರತು ಈ ಬೀದಿ ಕಲಿಯುವುದಿಲ್ಲ.

ಅದಕ್ಕಿಂತ ಗಟ್ಟಿ ಗಂಟು ಅಕ್ಕನ ಮದುವೆ ಕಾರ್ಡಿನಲ್ಲಿದೆ. ನಮ್ಮ ಕಡೆಯ ಕಾರ್ಡು ಅಂದರೆ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತಮಿಳೋ ತೆಲುಗೋ. ಅವರು ಜೋಡಿಸುವುದು ಪೇಜ್‌ಮೇಕರಿನಲ್ಲಿ. ಅಡೋಬಿಯವರು ಅದರ ಕೊನೆಯ ಆವೃತ್ತಿ ತಂದದ್ದು 2001ರಲ್ಲಿ. ಆಮೇಲೆ ಹುಟ್ಟಿದವರ ಮದುವೆ ಕಾರ್ಡೂ ಈಗ ಅದರಲ್ಲೇ ಆಗುತ್ತಿದೆ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಹಾಗಾಗಿ ಕನ್ನಡಕ್ಕೆ ಹಳೆಯ ನುಡಿ ಫಾಂಟು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ "ಶುಭವಿವಾಹ" ಇದ್ದ ಕಡೆ ಪ್ಲಸ್-ಮೈನಸ್ ಗುರುತು, ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ವರನ ತಂದೆಯ ಹೆಸರು ಗುರುತೇ ಸಿಗುವುದಿಲ್ಲ. ಲಿನಕ್ಸಿನಲ್ಲೂ ಫಾಂಟು ತಂದು ಹಾಕಿದರೆ ಓದಬಹುದು. ಆದರೆ ಪೇಜ್‌ಮೇಕರ್ ಎಲ್ಲಿ?

ಕೀಬೋರ್ಡಿನ ಭಯ ಮಾತ್ರ ಬೇಡ ಅಂದೆ. ಅವರ ಬೆರಳಿಗೆ ಅಂಟಿದ ಕಗಪ ವಿನ್ಯಾಸ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಅದೇ ಹೆಸರಿನಲ್ಲೇ ಇದೆ. ಅಕ್ಕನಿಗೆ ಅದು ಖುಷಿ ಕೊಟ್ಟಿತು, ಆದರೆ ಒಂದು ಗಳಿಗೆ ಮಾತ್ರ. "ಟ್ಯಾಲಿ?"

ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ನಮ್ಮ ಬೆಂಗಳೂರಿನದೇ. ಆದರೂ ಅದಕ್ಕೆ ವಿಂಡೋಸೇ ಬೇಕು. ಸಂಜೆಗೆ ಗುಲಾಬಿ ವ್ಯಾಪಾರದವರ, ಕೈಗಾರಿಕಾ ಪ್ರದೇಶ ಸಿಪ್‌ಕಾಟ್‌ನ ಸಣ್ಣ ವರ್ಕ್‌ಶಾಪಿನವರ ಜಿಎಸ್‌ಟಿ ಲೆಕ್ಕ ಬರೆದುಕೊಟ್ಟೇ ಅಕ್ಕನ ಅಂಗಡಿ ಬಾಡಿಗೆ ಹುಟ್ಟುವುದು. ಅಲ್ಲಿಗೆ ನನ್ನ ವಾದ ಕುಂಟಿತು. ಜರ್ಮನಿಯ ಮ್ಯೂನಿಕ್ ನಗರಸಭೆಯಂಥದೇ ವರ್ಷಗಟ್ಟಲೆ ಹೆಣಗಿ ಲಿನಕ್ಸಿಗೆ ಹೋಗಿ, 2017ರಲ್ಲಿ ವಾಪಸ್ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಬಾಗಲೂರು ರಸ್ತೆಯ ಒಂದು ಜೆರಾಕ್ಸ್ ಅಂಗಡಿಯನ್ನು ಏನೆಂದು ಒತ್ತಾಯಿಸಲಿ?

"ನಿಮ್ ಕೈಲಿರೋ ಫೋನು ಲಿನಕ್ಸೇ ಗೊತ್ತಾ?" ಅಂದೆ, ಕೊನೆಯ ಅಸ್ತ್ರವಾಗಿ. ಆಂಡ್ರಾಯ್ಡಿನ ತಿರುಳು ಅದೇ ಲಿನಕ್ಸ್ ಕರ್ನಲ್, 1991ರಲ್ಲಿ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ಬರೆಯತೊಡಗಿದ್ದು.

ಅಕ್ಕ ಫೋನನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಹೌದಾ? ಇದನ್ನ ಕೊಟ್ಟೋನು ಹೇಳಲೇ ಇಲ್ವಲ್ಲ. ಹೇಳಿದ್ರೆ ನಾನು ತಗೊಳ್ತಿರ್ಲಿಲ್ಲ."

ಸ್ವಲ್ಪ ಹೊತ್ತು ಯೋಚಿಸಿ ಅವರೇ ದಾರಿ ತೆಗೆದರು. ಅಂಗಡಿಯ ಮೂಲೆಯಲ್ಲಿ ಇನ್ನೊಂದು ಹಳೇ ಸಿಸ್ಟಮ್ ಇದೆ. ಜಮೀನಿನ ಪಟ್ಟಾ, ಚಿಟ್ಟಾ, ಈಸಿ, ರೇಷನ್ ಕಾರ್ಡಿನ ಅರ್ಜಿ, ಎಲ್ಲಾ ಆನ್‌ಲೈನ್ ಕೆಲಸ ಅದರಲ್ಲಿ. ಕೆಲಸದ ಹುಡುಗಿ ಬೆಳಗಿಂದ ಸಂಜೆತನಕ ಕ್ರೋಮ್ ಬಿಟ್ಟು ಬೇರೇನೂ ತೆರೆಯುವುದಿಲ್ಲ.

"ಅದಕ್ಕೆ ಹಾಕಿ ನೋಡಿ ಮೇಷ್ಟ್ರೇ, ಭಾನುವಾರ ಅಂಗಡಿ ಮುಚ್ಚಿದ ಮೇಲೆ. ಪ್ರಿಂಟರ್ ಓಡ್ಬೇಕು. ಕ್ರೋಮ್ ಗುರುತು ಈಗ ಎಲ್ಲಿದೆಯೋ ಅಲ್ಲೇ ಇರ್ಬೇಕು. ಹುಡುಗಿಗೆ ಮಾತ್ರ ಏನೂ ಹೇಳೋಕೆ ಹೋಗ್ಬೇಡಿ."