ಅರ್ಧ ಸೆಕೆಂಡಿನ ಪುಣ್ಯ

ಬಿಟ್ಟಿ ಸಿಗೋ ಸಾಫ್ಟ್‌ವೇರನ್ನ ನಂಬೋದು ಹೇಗ್ರೀ ಅಂತ ಕೇಳಿದಿರಲ್ಲ, ಆ ಮಾತಿಗೆ ನನ್ನ ಹತ್ತಿರ ಒಂದು ಕಥೆಯೇ ಇದೆ. ನಿಮ್ಮ ಹೂವು ಬಿಡಿಸೋ ಕೆಲಸ ಆಮೇಲೆ ಆಗತ್ತೆ, ಸ್ವಲ್ಪ ಕೇಳಿ.

2024ರ ಮಾರ್ಚ್ ತಿಂಗಳು. ಆಂಡ್ರೆಸ್ ಫ್ರಾಯ್ಂಡ್ ಅಂತ ಒಬ್ಬ ಎಂಜಿನಿಯರು. ಕೆಲಸ ಮೈಕ್ರೋಸಾಫ್ಟ್‌ನಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಪಳಗಿದ ಕೈ. ಡೆಬಿಯನ್ ಲಿನಕ್ಸಿನ ಇನ್ನೂ ಪ್ರಯೋಗದ ಹಂತದಲ್ಲಿದ್ದ ಆವೃತ್ತಿಯ ಮೇಲೆ ಆ ಡೇಟಾಬೇಸಿನ ವೇಗ ಅಳೀತಾ ಇದ್ದರು. ಅಂಥ ಅಳತೆಗೆ ಕೂತಾಗ ಯಂತ್ರದೊಳಗೆ ಬೇರೆ ಗದ್ದಲ ಇರಬಾರದು. ನೋಡಿದರೆ ಎಸ್‌ಎಸ್‌ಎಚ್, ಅದೇ ದೂರದಿಂದ ಸರ್ವರಿನ ಒಳಗೆ ಹೋಗೋದಕ್ಕೆ ಇರೋ ಬಾಗಿಲು, ಸುಮ್ಮಸುಮ್ಮನೆ ಪ್ರೊಸೆಸರನ್ನ ತಿಂತಾ ಇದೆ. ಇಲ್ಲದ ಹೆಸರು ಹೇಳಿಕೊಂಡು ಯಾರೋ ಬಾಗಿಲು ತಟ್ಟಿದರೂ ಅಷ್ಟೇ ಒದ್ದಾಟ. ಮೊದಲು 0.3 ಸೆಕೆಂಡಿಗೆ ಮುಗೀತಿದ್ದ ಲಾಗಿನ್ ಈಗ 0.8 ಸೆಕೆಂಡು ತಗೋತಿದೆ. ವ್ಯತ್ಯಾಸ ಅರ್ಧ ಸೆಕೆಂಡು, ಅಷ್ಟೇ!

ಹೆಚ್ಚಿನವರು ನೆಟ್‌ವರ್ಕ್ ಸರಿಯಿಲ್ಲ ಅಂತ ಬಿಟ್ಟುಬಿಡ್ತಾರೆ. ಇವರು ಬಿಡಲಿಲ್ಲ. ಕೆಲವು ವಾರಗಳ ಹಿಂದೆ ವಾಲ್‌ಗ್ರಿಂಡ್ ಅನ್ನೋ ಪರೀಕ್ಷಾ ಸಾಧನ ಏನೋ ದೂರು ಹೇಳಿದ್ದು ನೆನಪಾಯಿತು. ಎರಡನ್ನೂ ಕೂಡಿಸಿ ಎಳೆ ಹಿಡಿದು ಹೋದರೆ, ಅದು ಹೋಗಿ ನಿಂತಿದ್ದು ಎಕ್ಸ್‌ಜೆಡ್ ಅನ್ನೋ ಪುಟ್ಟ ಸಾಫ್ಟ್‌ವೇರಿನ ಹತ್ತಿರ. ಮಾರ್ಚ್ 29, ಗುಡ್ ಫ್ರೈಡೇ ದಿನ, ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕಿದರು: ಎಕ್ಸ್‌ಜೆಡ್‌ನಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದಾರೆ ಅಂತ.

ಎಕ್ಸ್‌ಜೆಡ್ ಮಾಡೋ ಕೆಲಸ ಇಷ್ಟೇ, ದೊಡ್ಡ ಕಡತವನ್ನ ಒತ್ತಿ ಚಿಕ್ಕದು ಮಾಡೋದು. ಆದರೆ ಲಿನಕ್ಸ್ ಇರೋ ಯಂತ್ರ ಅಂದಮೇಲೆ ಅದು ಅಲ್ಲಿ ಇದ್ದೇ ಇರತ್ತೆ ಅನ್ನಬಹುದು. ಎಸ್‌ಎಸ್‌ಎಚ್ ಬರೆದವರು ಅದನ್ನ ಬಳಸೋದೇ ಇಲ್ಲ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ಹಂಚೋರು, ಯಂತ್ರದ ಸೇವೆಗಳನ್ನ ಶುರು ಮಾಡಿ ನೋಡಿಕೊಳ್ಳೋ ಸಿಸ್ಟಂಡಿ ಜೊತೆ ಮಾತಾಡಲಿ ಅಂತ ಎಸ್‌ಎಸ್‌ಎಚ್‌ಗೆ ಒಂದು ತೇಪೆ ಹಾಕಿದ್ದರು, ಆ ದಾರಿಯಲ್ಲಿ ಇದೂ ಒಳಗೆ ಬಂದು ಕೂತಿತ್ತು. ಕಳ್ಳ ಹಿಡಿದಿದ್ದು ಆ ಸಂದಿಯನ್ನೇ. ಎಕ್ಸ್‌ಜೆಡ್‌ನ 5.6.0 ಅಥವಾ 5.6.1 ಆವೃತ್ತಿ ಇರೋ ಯಂತ್ರಕ್ಕೆ, ತನ್ನ ಹತ್ತಿರ ಮಾತ್ರ ಇರೋ ಗುಪ್ತ ಕೀಲಿಯಿಂದ ಹೊರಗಿನಿಂದಲೇ ಏನು ಬೇಕಾದರೂ ಅಪ್ಪಣೆ ಕೊಡೋ ಹಾಗೆ ಮಾಡಿಟ್ಟಿದ್ದ. ಅಪಾಯದ ಅಳತೆಗೋಲಿನಲ್ಲಿ ಇದಕ್ಕೆ ಸಿಕ್ಕಿದ್ದು 10ಕ್ಕೆ 10.

ಅಡಗಿಸಿದ ಜಾಗ ನೋಡಿ, ಎಂಥ ತಲೆ! ಒತ್ತೋ ಸಾಫ್ಟ್‌ವೇರು ಅಂದಮೇಲೆ ಅದನ್ನ ಪರೀಕ್ಷೆ ಮಾಡೋದಕ್ಕೆ ಒತ್ತಿದ ಕಡತಗಳು ಬೇಕು, ಬೇಕಂತಲೇ ಕೆಡಿಸಿದ ಕಡತಗಳೂ ಬೇಕು. ಅವನ್ನ ಮನುಷ್ಯರು ಓದೋಕಾಗಲ್ಲ, ಓದಬೇಕು ಅಂತ ಯಾರಿಗೂ ಅನ್ನಿಸೋದೂ ಇಲ್ಲ. ವಿಷವನ್ನ ಅಂಥ ಎರಡು ಕಡತಗಳ ಹೊಟ್ಟೆಯೊಳಗೆ ತುಂಬಿಸಿದ್ದ. ಅದನ್ನ ಹೊರಗೆ ತೆಗೆದು ಜೋಡಿಸೋ ಸಾಲುಗಳು ಎಲ್ಲರೂ ನೋಡೋ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆ ಅಂತ ಕಟ್ಟಿ ಕಳಿಸೋ ಗಂಟಿದೆಯಲ್ಲ, ಅದರೊಳಗೆ ಮಾತ್ರ ಇದ್ದವು.

ಇದೆಲ್ಲ ಯಂತ್ರದ ವಿಷಯ ಆಯಿತು. ನನ್ನ ಹೊಟ್ಟೆ ಉರಿಯೋದು ಮನುಷ್ಯರ ವಿಷಯಕ್ಕೆ.

ಎಕ್ಸ್‌ಜೆಡ್ ಕಟ್ಟಿ ಬೆಳೆಸಿದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. 2009ರಿಂದ ಆ ಹೆಸರಿನಲ್ಲಿ ನಡೆಸಿಕೊಂಡು ಬಂದಿದ್ದಾರೆ. ಸಂಬಳ ಇಲ್ಲ, ಕಚೇರಿ ಇಲ್ಲ. 2021ರ ಸುಮಾರಿಗೆ ಜಿಯಾ ಟಾನ್ ಅನ್ನೋ ಹೆಸರು ಕಾಣಿಸಿಕೊಳ್ತು. ಒಳ್ಳೊಳ್ಳೆ ತಿದ್ದುಪಡಿ ಕಳಿಸ್ತಾ ಬಂದ. ಮುಂದಿನ ವರ್ಷ ಬೇರೆ ಬೇರೆ ಹೆಸರಿನವರು ಕಾಲಿನ್ ಅವರ ಮೇಲೆ ಮುಗಿಬಿದ್ದರು. ಯಾಕೆ ಇಷ್ಟು ನಿಧಾನ, ನಿಮ್ಮ ಕೈಲಿ ಆಗದಿದ್ದರೆ ಬೇರೆಯವರಿಗೆ ಕೊಡಿ, ಅನ್ನೋ ಧಾಟಿಯ ಪತ್ರಗಳು. ಅದರಲ್ಲಿ ಒಂದು ಹೆಸರು ಜಿಗರ್ ಕುಮಾರ್ ಅಂತ, ನಮ್ಮ ದೇಶದವನ ಹಾಗೆ. ಆಮೇಲೆ ಹುಡುಕಿದವರಿಗೆ ಆ ಹೆಸರಿನವರ ಸುಳಿವು ಬೇರೆಲ್ಲೂ ಸಿಗಲಿಲ್ಲ. ಕಾಲಿನ್ ಬಹಿರಂಗವಾಗಿಯೇ ಉತ್ತರ ಬರೆದರು: ಬಹಳ ಕಾಲದಿಂದ ಮನಸ್ಸಿನ ಆರೋಗ್ಯದ ತೊಂದರೆ ಇದೆ, ಇದು ಸಂಬಳ ಇಲ್ಲದೆ ಹವ್ಯಾಸಕ್ಕೆ ಮಾಡೋ ಕೆಲಸ ಅನ್ನೋದು ನೆನಪಿರಲಿ ಅಂತ.

ಅದನ್ನ ಓದಿದಮೇಲೂ ಒತ್ತಡ ನಿಲ್ಲಲಿಲ್ಲ ರೀ. ಕಷ್ಟದಲ್ಲಿರೋ ಒಬ್ಬ ಮನುಷ್ಯನ ಪಕ್ಕದಲ್ಲಿ ಕೈ ನೀಡಿಕೊಂಡು ನಿಂತಿದ್ದವನು ಈ ಜಿಯಾ ಟಾನ್. ಕೊನೆಗೆ ಜವಾಬ್ದಾರಿಯಲ್ಲಿ ಪಾಲೂ ಸಿಕ್ಕಿತು, ಬಿಡುಗಡೆ ಮಾಡೋ ಅಧಿಕಾರವೂ ಸಿಕ್ಕಿತು. ಎರಡು ವರ್ಷಕ್ಕೂ ಮಿಕ್ಕಿ ಕಾದು, ನಂಬಿಕೆ ಗಳಿಸಿ, 2024ರ ಫೆಬ್ರವರಿಯಲ್ಲಿ ವಿಷ ಇಟ್ಟ. ಆಮೇಲೆ ಹೊಸ ಆವೃತ್ತಿ ಬೇಗ ಸೇರಿಸಿಕೊಳ್ಳಿ ಅಂತ ಫೆಡೋರಾದವರ ಬೆನ್ನು ಹತ್ತಿದ. ಯಾರವನು, ಒಬ್ಬನೋ ಒಂದು ಗುಂಪೋ, ಇವತ್ತಿಗೂ ಪತ್ತೆಯಾಗಿಲ್ಲ. ಅವನು ಮುರಿದಿದ್ದು ಒಬ್ಬ ದಣಿದ ಮನುಷ್ಯನ ತಾಳ್ಮೆಯನ್ನ. ಕೋಡು ಆಮೇಲಿನ ಮಾತು.

ಸಿಕ್ಕಿಬಿದ್ದಾಗ ವಿಷ ಡೆಬಿಯನ್ ಮತ್ತು ಫೆಡೋರಾದ ಪ್ರಯೋಗದ ಆವೃತ್ತಿಗಳನ್ನ, ಓಪನ್‌ಸೂಸೆ ಟಂಬಲ್‌ವೀಡ್ ಅನ್ನೋ ಇನ್ನೊಂದು ಲಿನಕ್ಸನ್ನ ಮುಟ್ಟಿತ್ತು. ಎಲ್ಲರೂ ನೆಚ್ಚಿಕೊಂಡಿರೋ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ. ಉಬುಂಟು ಲಿನಕ್ಸಿನ 24.04 ಆವೃತ್ತಿ ಆಗ ಹೊರಬರೋದಕ್ಕೆ ಸಿದ್ಧವಾಗ್ತಿತ್ತು, ಅದರ ಬೀಟಾವನ್ನ ಒಂದು ವಾರ ಮುಂದೆ ಹಾಕಿ ಎಲ್ಲವನ್ನೂ ಮತ್ತೆ ಕಟ್ಟಿದರು. ಇನ್ನು ಕೆಲವು ತಿಂಗಳು ಯಾರ ಕಣ್ಣಿಗೂ ಬೀಳದೇ ಹೋಗಿದ್ದರೆ? ಲಿನಕ್ಸ್ ಸರ್ವರಿಲ್ಲದ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ ಈಗ ಎಲ್ಲಿದೆ ಹೇಳಿ. ಅದೇ ಡೆಬಿಯನ್‌ನ ಒಳಗೆ ಗುಬ್ಬಿ, ನವಿಲು ಅಂತ ನಮ್ಮ ಕನ್ನಡದ ಅಕ್ಷರವಿನ್ಯಾಸಗಳೂ ಇವೆ, ಅವನ್ನ ಕಾಪಾಡಿಕೊಂಡು ಬಂದವರೂ ಬಿಡುವಿನ ವೇಳೆ ಕೊಟ್ಟವರೇ.

ಹಾಗಾದರೆ ಬಾಗಿಲು ಮುಚ್ಚಿಟ್ಟ ಸಾಫ್ಟ್‌ವೇರೇ ವಾಸಿ ಅಲ್ವೇ ಅಂತೀರಿ. ನಾನು ಒಪ್ಪಲ್ಲ. ಮೂಲ ತೆರೆದಿತ್ತು, ಅದಕ್ಕೇ ಎಕ್ಸ್‌ಜೆಡ್‌ಗೆ ಸಂಬಂಧವೇ ಇಲ್ಲದ ಒಬ್ಬರು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ಇಣುಕಿ ನೋಡೋಕಾಯಿತು. ಆದರೆ ಯಾರು ಬೇಕಾದರೂ ನೋಡಬಹುದು ಅನ್ನೋದಕ್ಕೂ, ಯಾರಾದರೂ ನೋಡ್ತಾ ಇದ್ದಾರೆ ಅನ್ನೋದಕ್ಕೂ ಅಜಗಜಾಂತರ. ನೋಡೋದಕ್ಕೆ ಪುರುಸೊತ್ತು ಬೇಕು, ಪುರುಸೊತ್ತಿಗೆ ಹೊಟ್ಟೆಪಾಡಿನ ಭರವಸೆ ಬೇಕು. 2014ರಲ್ಲಿ ಹಾರ್ಟ್‌ಬ್ಲೀಡ್ ಅಂತ ಇನ್ನೊಂದು ದೊಡ್ಡ ತೂತು ಬಯಲಾಯ್ತಲ್ಲ, ಓಪನ್‌ಎಸ್‌ಎಸ್‌ಎಲ್‌ನಲ್ಲಿ? ಇಂಟರ್ನೆಟ್ಟಿನ ಗುಟ್ಟು ಕಾಯೋ ಆ ಸಾಫ್ಟ್‌ವೇರಿಗೆ ಆಗ ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಪೂರ್ಣಾವಧಿ ಕೆಲಸ ಮಾಡ್ತಿದ್ದವರು ಒಬ್ಬರು. ಆಗ ಎಲ್ಲರೂ ಹೌಹಾರಿದರು, ದೊಡ್ಡ ಕಂಪನಿಗಳು ಸೇರಿ ನಿಧಿ ಮಾಡಿದವು. ಹತ್ತು ವರ್ಷ ಕಳೆದು ನೋಡಿದರೆ ಕಾಲಿನ್ ಒಬ್ಬರೇ ಕೂತಿದ್ದರು.

ಒಂದು ಸಂತೋಷದ ವಿಷಯ ನಮ್ಮ ಬೆಂಗಳೂರಿನದೇ ಇದೆ. 2024ರ ಅಕ್ಟೋಬರಿನಲ್ಲಿ ಷೇರು ವ್ಯಾಪಾರದ ಝೆರೋಧಾ ಕಂಪನಿಯವರು ಫ್ಲಾಸ್ ಫಂಡ್ ಅಂತ ಶುರು ಮಾಡಿದರು. ಮುಕ್ತ ತಂತ್ರಾಂಶ ಮಾಡೋರು ಯಾವ ದೇಶದವರೇ ಆಗಲಿ, ಅವರಿಗೆಲ್ಲ ಸೇರಿ ವರ್ಷಕ್ಕೆ ಹತ್ತು ಲಕ್ಷ ಡಾಲರ್. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್ ತನಕ. ತಮ್ಮ ವ್ಯಾಪಾರ ನಿಂತಿರೋದೇ ಇಂಥ ಸಾಫ್ಟ್‌ವೇರಿನ ಮೇಲೆ ಅಂತ ಬಾಯಿಬಿಟ್ಟು ಹೇಳಿ ಕೊಡ್ತಿದ್ದಾರಲ್ಲ, ಅದು ನನಗೆ ದೊಡ್ಡದು. ಇದೇ ಊರಿನಲ್ಲಿ ಇಂಥ ಸಾಫ್ಟ್‌ವೇರಿನಿಂದಲೇ ಕೋಟಿಗಟ್ಟಲೆ ದುಡಿಯೋ ಕಂಪನಿ ಇನ್ನೆಷ್ಟಿವೆ! ಅವರೂ ಮುಂದೆ ಬರಬೇಕು.

ಕಾಲಿನ್ ಬಿಟ್ಟು ಓಡಿಹೋಗಲಿಲ್ಲ. ಗಲಾಟೆಯಲ್ಲಿ, ಕೋಡು ಇಡೋ ತಾಣವಾದ ಗಿಟ್‌ಹಬ್‌ನವರು ಅವರ ಖಾತೆಯನ್ನೂ ಕೆಲವು ದಿನ ತಡೆಹಿಡಿದಿದ್ದರು. ಅದನ್ನೂ ಸಹಿಸಿಕೊಂಡು, ಜಿಯಾ ಟಾನ್ ಮುಟ್ಟಿದ್ದನ್ನೆಲ್ಲ ತಡಕಾಡಿ, ಮೇ ಕೊನೆಯಲ್ಲಿ ಶುದ್ಧವಾದ 5.6.2 ಬಿಟ್ಟರು.

ನಿಮ್ಮ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ ಅಂದಿರಲ್ಲ, ಅವನಿಗೆ ನನ್ನ ಒಂದು ಮಾತು ಮುಟ್ಟಿಸಿ. ದಿನಾ ಬಳಸೋ ಇಂಥ ಸಾಫ್ಟ್‌ವೇರುಗಳಲ್ಲಿ ಒಂದನ್ನ ಆರಿಸಿಕೊಳ್ಳಲಿ, ಅದನ್ನ ನೋಡಿಕೊಳ್ಳೋರು ಎಷ್ಟು ಜನ ಅಂತ ಹುಡುಕಲಿ. ಒಬ್ಬರೇ ಇದ್ದರೆ ಆಫೀಸಿನಲ್ಲಿ ಕೇಳಿ ದುಡ್ಡು ಕಳಿಸಲಿ. ಅದಾಗದಿದ್ದರೆ ಒಂದು ಒಳ್ಳೆ ಪತ್ರನಾದರೂ ಬರೀಲಿ.